ಕವರ್, ಪೇಪರ್ ಬ್ಯಾಗ್, ಬಟ್ಟೆ ಚೀಲ: ಪದೇ ಪದೇ ಕೇಳುವ ಪ್ರಶ್ನೆಗಳು

ಕಸ ಬೇರೆ ಮಾಡಿ ಕೊಡಿ ಎಂದು ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಮನೆಮನೆ ಸುತ್ತುವ ಗುಂಪಿನಲ್ಲಿ ನಾನೂ ಒಬ್ಬಳು. ಹೇಳಲು ಹೋದವರು ಕೇಳಿಸಿಕೊಂಡು ಬರುವುದೇ ಜಾಸ್ತಿ. ಹಸಿ ಕಸದ ವಿಷಯಕ್ಕೆ ಯಾರೂ ಅಷ್ಟಾಗಿ ವಾದ ಮಾಡುವುದಿಲ್ಲ. ಚೀಲದ ಮಾತು ಬಂತೋ, ಗೇಟಿನ ಹತ್ತಿರವೇ ಅರ್ಧ ಗಂಟೆ ಕಳೆದುಹೋಗುತ್ತದೆ. ಹಾಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಇಲ್ಲಿ ಕವರ್ ಎಂದರೆ ಅಂಗಡಿಯಲ್ಲಿ ಕೊಡುವ ತೆಳು ಪ್ಲಾಸ್ಟಿಕ್ ಚೀಲ. ಮಂಗಳೂರು ಕಡೆಯವರು ತೊಟ್ಟೆ ಎಂದೂ, ಸಾಗರ, ಶಿರಸಿ ಕಡೆಯವರು ಕೊಟ್ಟೆ ಎಂದೂ ಓದಿಕೊಳ್ಳಬಹುದು.

ಸುತ್ತಿ ಬಳಸಿ ಬೇಡ, ಒಂದೇ ಮಾತಲ್ಲಿ ಹೇಳಿ: ಯಾವ ಚೀಲ ಒಳ್ಳೆಯದು?

ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಚೀಲ. ಅದು ಬಟ್ಟೆಯದ್ದಾದರೂ ಸರಿ, ನೈಲಾನ್‌ದಾದರೂ ಸರಿ, ಅಕ್ಕಿ ಬಂದ ಚೀಲಕ್ಕೆ ಹಿಡಿ ಹೊಲಿದಿದ್ದಾದರೂ ಸರಿ. ಹೊಸದಾಗಿ ಕೊಂಡ 'ಪರಿಸರ ಸ್ನೇಹಿ' ಚೀಲಕ್ಕಿಂತ ಅದು ಖಂಡಿತ ಮೇಲು. ಯಾಕೆ ಅನ್ನುವುದಕ್ಕೆ ಮಾತ್ರ ಸ್ವಲ್ಪ ಸುತ್ತಿ ಬಳಸಿಯೇ ಹೇಳಬೇಕು.

ಬಟ್ಟೆ ಚೀಲಕ್ಕಿಂತ ಪ್ಲಾಸ್ಟಿಕ್ಕೇ ವಾಸಿ ಅಂತ ವಿದೇಶದಲ್ಲಿ ಅಧ್ಯಯನ ಆಗಿದೆಯಂತೆ, ನಿಜಾನಾ?

ನಿಜ. ವಾಟ್ಸಾಪ್‌ನಲ್ಲಿ ಬರುವ ಎಲ್ಲವೂ ಸುಳ್ಳಲ್ಲ. ಆದರೆ ಬರುವುದು ಅರ್ಧ ಮಾತ್ರ.

ಎರಡು ಅಧ್ಯಯನಗಳ ಹೆಸರು ಹೆಚ್ಚು ಕೇಳಿಬರುತ್ತದೆ. ಒಂದು ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಹೊರತಂದಿದ್ದು. ಅವರು ಮೊದಲು ಚೀಲಗಳನ್ನು ತೂಗಿದರು. ತೆಳು ಪ್ಲಾಸ್ಟಿಕ್ ಚೀಲ ಸುಮಾರು 8 ಗ್ರಾಂ, ಪೇಪರ್ ಚೀಲ 55 ಗ್ರಾಂ, ಹತ್ತಿ ಬಟ್ಟೆಯದು 183 ಗ್ರಾಂ. ಅರ್ಧ ಕಥೆ ಈ ತೂಕದಲ್ಲೇ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಸಾಮಾನೇ ಇಲ್ಲ. ಊದಿದರೆ ಹಾರಿಹೋಗುವಷ್ಟು ಹಗುರ. ಬಟ್ಟೆ ಚೀಲಕ್ಕೆ ಹತ್ತಿ ಬೆಳೆಯಬೇಕು, ಗೊಬ್ಬರ ಹಾಕಬೇಕು, ಔಷಧಿ ಹೊಡೆಯಬೇಕು, ನೂಲಬೇಕು, ನೇಯಬೇಕು, ಬಣ್ಣ ಹಾಕಬೇಕು. ಒಂದು ಕಿಲೋ ಹತ್ತಿಗೆ ಜಗತ್ತಿನ ಸರಾಸರಿಯಲ್ಲಿ 10 ಸಾವಿರ ಲೀಟರ್ ನೀರು ಬೇಕೆಂಬ ಲೆಕ್ಕವೂ ಇದೆ. ಕೊನೆಗೆ ಬಂದ ಉತ್ತರ ಇದು: ಹವಾಮಾನದ ಲೆಕ್ಕದಲ್ಲಿ, ಒಂದೇ ಸಲ ಬಳಸಿ ಎಸೆದ ಕವರಿಗೆ ಸರಿಸಮ ಆಗಬೇಕಾದರೆ ಪೇಪರ್ ಚೀಲವನ್ನು 3 ಸಲ ಬಳಸಬೇಕು, ಹತ್ತಿ ಚೀಲವನ್ನು 131 ಸಲ.

ಇನ್ನೊಂದು ಡೆನ್ಮಾರ್ಕ್ ಸರ್ಕಾರ 2018ರಲ್ಲಿ ಹೊರತಂದಿದ್ದು. ಹತ್ತಿ ಚೀಲವನ್ನು 7,100 ಸಲ, ಸಾವಯವ ಹತ್ತಿಯದನ್ನು 20,000 ಸಲ ಬಳಸಬೇಕು ಎಂಬ ಸುದ್ದಿ ಹರಿದಾಡುತ್ತದಲ್ಲ, ಅದರ ಮೂಲ ಇದೇ. ವಾರಕ್ಕೊಂದು ಸಂತೆ ಎಂದು ಹಿಡಿದರೆ 7,100 ಸಲ ಅಂದರೆ 136 ವರ್ಷ. ನಿಮ್ಮ ಚೀಲ ಮರಿಮಗನ ಕಾಲಕ್ಕೂ ಸಾಲ ತೀರಿಸುತ್ತಲೇ ಇರುತ್ತದೆ!

ಈಗ ಉಳಿದ ಅರ್ಧ. ಆ 7,100 ಬಂದಿದ್ದು ಎಲ್ಲ ಬಗೆಯ ಹಾನಿಗಳನ್ನೂ ಪಟ್ಟಿ ಮಾಡಿ, ಅದರಲ್ಲಿ ಹತ್ತಿಗೆ ಅತಿ ಕೆಟ್ಟ ಅಂಕ ಬಂದ ಓಝೋನ್ ಪದರದ ಲೆಕ್ಕವನ್ನೇ ಹಿಡಿದುಕೊಂಡಿದ್ದರಿಂದ. ಬರೀ ಹವಾಮಾನ ನೋಡಿದರೆ ಅದೇ ವರದಿಯಲ್ಲಿ ಹತ್ತಿ ಚೀಲಕ್ಕೆ 52 ಸಲ ಸಾಕು. ಅಂದರೆ ವಾರಕ್ಕೊಮ್ಮೆಯಂತೆ ಒಂದು ವರ್ಷ. ಸಾವಯವ ಚೀಲದ ಅಂಕಿ ಅಷ್ಟು ಏರಲು ಇನ್ನೊಂದು ತಮಾಷೆಯ ಕಾರಣವಿದೆ. ಅವರು ತೆಗೆದುಕೊಂಡ ಆ ಚೀಲ ಅಳತೆಗಿಂತ ಸ್ವಲ್ಪ ಚಿಕ್ಕದಿತ್ತು. ಹಾಗಾಗಿ ಒಂದರ ಬದಲು ಎರಡು ಚೀಲ ಬೇಕೆಂದು ಲೆಕ್ಕ ಹಾಕಿದರು. ಎಲ್ಲವೂ ದುಪ್ಪಟ್ಟಾಯಿತು.

ಏನೇ ಹೇಳಿ, ಅಧ್ಯಯನ ಅಧ್ಯಯನವೇ. ನಾವು ಸುಮ್ನೆ ಪ್ಲಾಸ್ಟಿಕ್ ಬೈತಾ ಇದೀವಾ?

ಬೈಯುತ್ತಿರುವುದು ಸರಿಯೇ. ಬೇರೆ ಕಾರಣಕ್ಕೆ ಬೈಯಬೇಕು, ಅಷ್ಟೆ.

ಇಲ್ಲಿ ಎರಡು ಲೆಕ್ಕಗಳಿವೆ, ನಾವು ಕಲಸಿಕೊಳ್ಳುತ್ತೇವೆ. ಚೀಲ ಮಾಡುವಾಗ ಏನು ಖರ್ಚಾಯಿತು ಎಂಬುದು ಒಂದು. ಚೀಲ ಕೊನೆಗೆ ಎಲ್ಲಿ ಬಿತ್ತು ಎಂಬುದು ಇನ್ನೊಂದು. ಮೇಲಿನ ಅಧ್ಯಯನಗಳು ಅಳೆದಿದ್ದು ಹೆಚ್ಚಾಗಿ ಮೊದಲನೆಯದನ್ನು. ಡೆನ್ಮಾರ್ಕಿನವರಂತೂ ಬೀದಿಗೆ ಬೀಳುವ ಕಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರ ಊರಲ್ಲಿ ಅದು ನಗಣ್ಯ. ಕಸವನ್ನು ಸುಟ್ಟು ಅದರಿಂದ ಕರೆಂಟು ಮಾಡುತ್ತಾರೆ, ಚಳಿಗೆ ಮನೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ.

ನಮ್ಮ ಬೀದಿಯಲ್ಲಿ ಏನಾಗುತ್ತದೆ? ರಾತ್ರಿ ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಒಂದು ಕವರಿಗೆ ಹಾಕಿ, ವಾಸನೆ ಬರದಿರಲಿ ಎಂದು ಬಿಗಿಯಾಗಿ ಗಂಟು ಹಾಕುತ್ತೇವೆ. ಬೆಳಿಗ್ಗೆ ಕಸದ ಗಾಡಿ ಬರುವ ಮುಂಚೆ ಮೂಲೆಯಲ್ಲಿ ಇಟ್ಟು ಬರುತ್ತೇವೆ. ಹಸು ಬರುತ್ತದೆ. ಅದಕ್ಕೆ ಬೇಕಾಗಿದ್ದು ಒಳಗಿನ ಅನ್ನ. ಗಂಟು ಬಿಚ್ಚಲು ಅದಕ್ಕೆ ಕೈ ಇಲ್ಲ. ಕವರ್ ಸಮೇತ ನುಂಗುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗುವುದೂ ಇಲ್ಲ, ಮುಂದೆ ಸಾಗುವುದೂ ಇಲ್ಲ. ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಮುದ್ದೆಯಾಗುತ್ತದೆ. ಬೀದಿ ಹಸುಗಳ ಹೊಟ್ಟೆ ಕೊಯ್ದು ಪಶುವೈದ್ಯರು ಹತ್ತಾರು ಕಿಲೋ ಹೊರತೆಗೆದ ಉದಾಹರಣೆಗಳಿವೆ. ಗೋವಿನ ಬಗ್ಗೆ ಉದ್ದುದ್ದ ಮಾತಾಡುವ ನಮ್ಮ ಮನೆಗಳಿಂದಲೇ ಆ ಗಂಟುಗಳು ಹೋಗುತ್ತವೆ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಇನ್ನು ಚರಂಡಿ. ಬಾಂಗ್ಲಾದೇಶ 2002ರಲ್ಲೇ ತೆಳು ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ಇಡೀ ದೇಶಕ್ಕೆ ಇಂಥ ನಿಷೇಧ ತಂದಿದ್ದರಲ್ಲಿ ಅದೇ ಮೊದಲು. ಅದಕ್ಕೆ ಹವಾಮಾನ ಕಾರಣವಲ್ಲ, ನೆರೆ ಕಾರಣ. 1988 ಮತ್ತು 1998ರ ದೊಡ್ಡ ನೆರೆಗಳಲ್ಲಿ ಢಾಕಾದ ಚರಂಡಿಗಳಿಗೆ ಚೀಲಗಳು ಬೆಣೆಯಂತೆ ಕೂತಿದ್ದವು. 2005ರ ಜುಲೈ 26ರಂದು ಮುಂಬೈ ಮುಳುಗಿದಾಗಲೂ ಬೊಟ್ಟು ಮಾಡಿದ್ದು ಇದೇ ಕವರಿನ ಕಡೆಗೆ. ಬೆಂಗಳೂರಿನ ರಾಜಕಾಲುವೆಯ ಸೇತುವೆ ಕೆಳಗೆ ಮಳೆ ನಿಂತ ಮೇಲೊಮ್ಮೆ ಬಗ್ಗಿ ನೋಡಿ. ಕಂಬಿಗಳಿಗೆ ಬಾವಲಿಗಳಂತೆ ನೇತಾಡುತ್ತಿರುತ್ತವೆ.

ನಾವು ಕವರ್ ಬಿಸಾಡಲ್ಲ, ಕಸದ ಡಬ್ಬಕ್ಕೆ ಹಾಕಿ ಮತ್ತೆ ಬಳಸ್ತೀವಿ. ಅದು ತಪ್ಪಾ?

ವಿದೇಶದ ಅಧ್ಯಯನಗಳಲ್ಲಿ ಇದಕ್ಕೆ ಒಳ್ಳೆ ಅಂಕ ಸಿಗುತ್ತದೆ. ಎಲ್ಲ ಕವರನ್ನೂ ಹೀಗೆ ಕಸಕ್ಕೆ ಬಳಸಿದರೆ ಹತ್ತಿ ಚೀಲದ 131 ಸಲ ಎನ್ನುವುದು 327ಕ್ಕೆ ಏರುತ್ತದೆ ಎಂದು ಇಂಗ್ಲೆಂಡಿನ ವರದಿ ಹೇಳುತ್ತದೆ. ಅಂಗಡಿಯ ಕವರ್ ನಿಲ್ಲಿಸಿದರೆ ಜನ ಕಸಕ್ಕೆಂದೇ ಬೇರೆ ಕವರ್ ಕೊಳ್ಳುತ್ತಾರೆ ಎಂಬುದೂ ಸುಳ್ಳಲ್ಲ. ಕ್ಯಾಲಿಫೋರ್ನಿಯಾದ ಊರುಗಳಲ್ಲಿ ನಿಷೇಧ ಬಂದ ಮೇಲೆ ಕಸದ ಕವರಿನ ಮಾರಾಟ ಏರಿತ್ತು. ಆದರೂ ಒಟ್ಟು ಪ್ಲಾಸ್ಟಿಕ್ ಕಡಿಮೆಯೇ ಆಯಿತು.

ನಮ್ಮಲ್ಲಿ ಮಾತ್ರ ಈ ಅಂಕ ಸಿಗುವುದಿಲ್ಲ. ಬೆಂಗಳೂರಿಗೆ 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿದ್ದು 'ಎರಡು ಡಬ್ಬ, ಒಂದು ಚೀಲ'. ಹಸಿ ಕಸಕ್ಕೆ ಹಸಿರು ಡಬ್ಬ, ಡಯಾಪರ್ ಥರದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಹಸಿ ಕಸ ಗೊಬ್ಬರ ಆಗಬೇಕಾದದ್ದು. ಅದನ್ನು ಕವರಿನಲ್ಲಿ ಕಟ್ಟಿ ಕೊಟ್ಟರೆ ಗಾಡಿಯವರು ಬರಿಗೈಯಲ್ಲಿ ಆ ಗಂಟು ಬಿಚ್ಚಿ ಸುರಿಯಬೇಕು. ಸುರಿದ ಮೇಲೆ ಆ ಕವರ್ ಯಾರಿಗೂ ಬೇಡ. ಅನ್ನದ ತಿಳಿ, ಸಾರು ಮೆತ್ತಿಕೊಂಡ ಪ್ಲಾಸ್ಟಿಕ್ಕನ್ನು ಗುಜರಿಯವರೂ ಮುಟ್ಟುವುದಿಲ್ಲ. ಹಾಗೆ ಉಳಿದಿದ್ದೆಲ್ಲ ಕ್ವಾರಿಗೆ, ಊರಾಚೆಯ ಗುಡ್ಡೆಗೆ. ಬೆಂಗಳೂರಿನ ಕಸ ಸುರಿಯುವುದನ್ನು ನಿಲ್ಲಿಸಿ ಎಂದು 2014ರಲ್ಲಿ ಮಂಡೂರಿನವರು ಬೀದಿಗಿಳಿದಿದ್ದು ನೆನಪಿರಬಹುದು.

ಡಬ್ಬದ ತಳಕ್ಕೆ ಹಳೇ ಪೇಪರ್ ಹಾಕಿ. ಅದೂ ಇಲ್ಲದಿದ್ದರೆ ಡಬ್ಬ ತೊಳೆಯಿರಿ. ನಮ್ಮ ಅಜ್ಜಿಯ ಕಾಲದಲ್ಲಿ ಕಸದ ಡಬ್ಬಕ್ಕೆ ಲಂಗ ಹಾಕುತ್ತಿರಲಿಲ್ಲ.

ಪೇಪರ್ ಬ್ಯಾಗ್ ಪರವಾಗಿಲ್ಲ ಅಲ್ವಾ? ಮಣ್ಣಲ್ಲಿ ಕರಗುತ್ತಲ್ಲ?

ಕರಗುತ್ತದೆ. ಹಸು ತಿಂದರೂ ಜೀವ ಹೋಗುವುದಿಲ್ಲ. ಬಿದ್ದಾಗಿನ ಲೆಕ್ಕದಲ್ಲಿ ಪೇಪರ್ ಸಾಧು.

ಹುಟ್ಟುವಾಗಿನ ಲೆಕ್ಕ ಮಾತ್ರ ಅಷ್ಟು ಸಾಧುವಲ್ಲ. ಅದನ್ನು ಶಿವಮೊಗ್ಗದವರನ್ನು ಕೇಳಬೇಕು. ಭದ್ರಾವತಿಯ ಕಾಗದದ ಕಾರ್ಖಾನೆಗಾಗಿ ಮಲೆನಾಡಿನಲ್ಲಿ ಸಾವಿರಾರು ಎಕರೆ ಅಕೇಶಿಯಾ, ನೀಲಗಿರಿ ಎದ್ದವು. ಕಾರ್ಖಾನೆ ನಿಂತುಹೋಯಿತು, ನೆಡುತೋಪು ಉಳಿಯಿತು. 2020ರಲ್ಲಿ ಆ ಜಾಗದ ಗುತ್ತಿಗೆ ಮತ್ತೆ 40 ವರ್ಷಕ್ಕೆ ಮುಂದುವರಿದಾಗ 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂಬ ಹೋರಾಟವೇ ಶುರುವಾಯಿತು. ಅಕೇಶಿಯಾ ತೋಪಿನ ಒಳಗೆ ಒಮ್ಮೆ ನಡೆದು ನೋಡಿ. ಕಾಲ ಕೆಳಗೆ ಒಣ ಎಲೆ ಚರಚರ ಅನ್ನುತ್ತದೆ. ಬೇರೆ ಸದ್ದಿಲ್ಲ. ಮುರುಗಲು, ಹಲಸು, ಮುತ್ತುಗ ಒಂದೂ ಇಲ್ಲ. ದನ ಮೇಯಲು ಹುಲ್ಲಿಲ್ಲ. ಪೇಪರ್ ಎಂದರೆ ಹಸಿರು ಎನ್ನುವವರಿಗೆ ನಾನು ಈ ತೋಪನ್ನು ನೆನಪಿಸುತ್ತೇನೆ.

ನ್ಯಾಯಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಅಂಗಡಿಗಳ ಕಂದು ಪೇಪರ್ ಬ್ಯಾಗುಗಳಲ್ಲಿ ಬಹುಪಾಲು ರದ್ದಿ ಕಾಗದದಿಂದಲೇ ಆದವು. ಅದಕ್ಕೆಂದು ಯಾರೂ ಹೊಸ ಮರ ಕಡಿದಿರುವುದಿಲ್ಲ. ಆದರೆ ರದ್ದಿ ಕಾಗದದ ನಾರು ಗಿಡ್ಡ. ಚೀಲ ಬೇಗ ಹರಿಯುತ್ತದೆ. ಕಳೆದ ಮಳೆಗಾಲದಲ್ಲಿ ತರಕಾರಿ ಕೊಂಡು ಬಸ್ಸಿಗೆ ಕಾಯುತ್ತಿದ್ದೆ. ಕೊತ್ತಂಬರಿ ಸೊಪ್ಪಿಗೆ ಗಾಡಿಯವನು ಆಗಷ್ಟೇ ನೀರು ಚಿಮುಕಿಸಿದ್ದ. ಮೊದಲು ಚೀಲದ ತಳದಲ್ಲಿ ಒಂದು ಕಪ್ಪು ಕಲೆ ಕಂಡಿತು. ಅದು ಹರಡುತ್ತಾ ಹರಡುತ್ತಾ ಬಸ್ ಬರುವ ಹೊತ್ತಿಗೆ ತಳವೇ ಕಳಚಿತು. ಒಂದೂವರೆ ಕಿಲೋ ಟೊಮೆಟೊ ರಸ್ತೆ ಪಾಲು. ಮೂರು ಸಲ ಬಳಸಬೇಕಂತೆ!

ಒಣ ಸಾಮಾನಿಗೆ ಪೇಪರ್ ಚೆನ್ನಾಗಿದೆ. ಬಳೆ, ಔಷಧಿ, ಪುಸ್ತಕ, ಬೇಳೆ. ನ್ಯೂಸ್ ಪೇಪರಿನಲ್ಲಿ ಮಾತ್ರ ಬಜ್ಜಿ, ಬೋಂಡಾ ಕಟ್ಟಿಸಿಕೊಳ್ಳಬೇಡಿ. ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಬಿಡುತ್ತದೆ. ತಿಂಡಿಯನ್ನು ಹೀಗೆ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದೆ.

ಅಂಗಡಿಯವರು ಈಗ ಬಟ್ಟೆ ಬ್ಯಾಗೇ ಕೊಡ್ತಾರೆ. ಇನ್ನೇನು ತಕರಾರು?

ಅದು ಬಟ್ಟೆಯೇ ಅಲ್ಲ ಎನ್ನುವುದೇ ತಕರಾರು.

ಸೀರೆ ಅಂಗಡಿಯಲ್ಲಿ, ಬೇಕರಿಯಲ್ಲಿ ಕೊಡುವ ಆ ಬಣ್ಣಬಣ್ಣದ ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆಯಾದರೆ ಹಾಸು ಹೊಕ್ಕು ಎರಡೂ ದಾರ ಕಾಣಬೇಕು. ಇದರಲ್ಲಿ ಕಾಣುವುದು ಸಣ್ಣ ಸಣ್ಣ ಚುಕ್ಕಿಗಳ ಸಾಲು. ಪ್ಲಾಸ್ಟಿಕ್ ಎಳೆಗಳನ್ನು ಹರಡಿ, ಬಿಸಿ ರೋಲರಿನಲ್ಲಿ ಒತ್ತಿ ಅಂಟಿಸಿದ ಗುರುತು ಅದು. ನಾನ್‌ವೋವನ್ ಎನ್ನುವುದು ಇದನ್ನೇ. ನೇಯದೆ ಮಾಡಿದ್ದು. ಒಳಗಿರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್.

ಅನುಮಾನವಿದ್ದರೆ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಬೆಂಕಿ ಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಮುಟ್ಟಿದರೆ ಉದುರುತ್ತದೆ. ಇದು ಮೊದಲು ಮುದುಡುತ್ತದೆ, ಆಮೇಲೆ ಕರಗಿ ತೊಟ್ಟಿಕ್ಕುತ್ತದೆ. ಮೇಣದ ಬತ್ತಿಯಂಥ ವಾಸನೆ. ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ. ಒಮ್ಮೆ ಒಂದು ಮನೆಯ ವರಾಂಡದಲ್ಲಿ ಇದನ್ನು ಮಾಡಿ ತೋರಿಸಿದೆ. ಆ ಮನೆಯಾಕೆ ತಮ್ಮ ಕಪಾಟಿನಿಂದ ಒಂದೊಂದೇ ಚೀಲ ತಂದು 'ಇದು? ಮತ್ತೆ ಇದು?' ಎಂದು ಹನ್ನೊಂದು ಚೀಲಗಳ ಪರೀಕ್ಷೆ ಮಾಡಿಸಿದರು. ಪಾಸಾಗಿದ್ದು ಎರಡು.

ನಾನ್‌ವೋವನ್ ಕೆಟ್ಟದ್ದೇ ಅಂತಲ್ಲ. ಇಂಗ್ಲೆಂಡಿನ ಲೆಕ್ಕದಲ್ಲಿ ಅದನ್ನು 11 ಸಲ ಬಳಸಿದರೆ ಸಾಲ ತೀರುತ್ತದೆ. ಹತ್ತಿಗಿಂತ ಎಷ್ಟೋ ಬೇಗ. ಗಟ್ಟಿ ಚೀಲವಾದರೆ ನೂರು ಸಲವೂ ಬರುತ್ತದೆ. ಕಾಟ ಇರುವುದು ತೆಳುವಿನದ್ದರಿಂದ. ನಿಯಮದ ಪ್ರಕಾರ ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ಇರಬಾರದು. ಸಿಗುವುದರಲ್ಲಿ ಎಷ್ಟೋ ಚೀಲ ಈರುಳ್ಳಿ ಸಿಪ್ಪೆಯಂತಿರುತ್ತವೆ. ಎರಡು ಕಿಲೋ ಈರುಳ್ಳಿಗೇ ಹಿಡಿ ಕಿತ್ತುಬರುತ್ತದೆ. ಅಂಥದ್ದೊಂದನ್ನು ನಾನು ಬಾಲ್ಕನಿಯಲ್ಲಿ ಬಿಸಿಲಿಗೆ ಬಿಟ್ಟಿದ್ದೆ. ವರ್ಷದ ಮೇಲೆ ಮುಟ್ಟಿದರೆ ಬೆರಳಿಗೆ ನೀಲಿ ಪುಡಿ ಅಂಟಿತು. ಆ ಪುಡಿಯನ್ನು ಇನ್ನು ಯಾವ ಗುಜರಿಯವನೂ ಆರಿಸಲಾರ.

ತಾಂಬೂಲದ ಚೀಲಗಳು ಮನೆ ತುಂಬ ಇವೆ. ಅವು ಒಳ್ಳೆಯವೇ ತಾನೇ?

ಒಂದೆರಡಾದರೆ ಒಳ್ಳೆಯವು. ಮದುವೆ, ಮುಂಜಿ, ಗೃಹಪ್ರವೇಶ, ಷಷ್ಟಿಪೂರ್ತಿ, ವರಮಹಾಲಕ್ಷ್ಮಿ. ಹೋದಲ್ಲೆಲ್ಲ ತೆಂಗಿನಕಾಯಿ, ಎಲೆ ಅಡಿಕೆ ಜೊತೆ ಒಂದು ಚೀಲ. ಕಾಯಿ ಖರ್ಚಾಗುತ್ತದೆ, ಚೀಲ ಉಳಿಯುತ್ತದೆ. ನನ್ನ ಕಪಾಟಿನಲ್ಲಿ ಒಮ್ಮೆ ಎಣಿಸಿದೆ: 64. ಬಳಸುತ್ತಿದ್ದದ್ದು ನಾಲ್ಕು. ಉಳಿದ ಅರವತ್ತು ಚೀಲಕ್ಕೆ ಹತ್ತಿ ಬೆಳೆದಿದ್ದು, ನೂಲು ಬಣ್ಣ ಹಾಕಿದ್ದು ಎಲ್ಲ ವ್ಯರ್ಥ. ಪ್ಲಾಸ್ಟಿಕ್ ಬಿಟ್ಟಿದ್ದೇವೆ ಎಂದು ನಾವು ಬಟ್ಟೆಯನ್ನೇ ಕವರಿನಂತೆ ಹಂಚಲು ಶುರು ಮಾಡಿದ್ದೇವೆ. ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಹೆಚ್ಚು ಚುಚ್ಚುವುದು ಇದೇ.

ನ್ಯೂಜೆರ್ಸಿಯಲ್ಲಿರುವ ನಮ್ಮವರಿಗೆ ಇದು ಬೇರೆ ರೂಪದಲ್ಲಿ ಗೊತ್ತು. ಅಲ್ಲಿ 2022ರ ಮೇ ತಿಂಗಳಿಂದ ದೊಡ್ಡ ದಿನಸಿ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಮಾತ್ರವಲ್ಲ, ಪೇಪರ್ ಚೀಲವನ್ನೂ ಕೊಡುವಂತಿಲ್ಲ. ನೀವೇ ಚೀಲ ತಂದರೆ ಸರಿ. ಆನ್‌ಲೈನ್‌ನಲ್ಲಿ ತರಿಸಿಕೊಂಡರೆ? ಪ್ರತಿ ಸಲವೂ ಹೊಸ ಗಟ್ಟಿ ಚೀಲದಲ್ಲೇ ಬರುತ್ತಿತ್ತು. ಕೆಲವೇ ತಿಂಗಳಲ್ಲಿ ಗ್ಯಾರೇಜುಗಳಲ್ಲಿ ಚೀಲದ ಗುಡ್ಡೆ.

ಮನೆಯಲ್ಲಿ ಸಮಾರಂಭ ಇದ್ದರೆ ನನ್ನ ಸಲಹೆ: ಚೀಲ ಕೊಡಲೇಬೇಕಾ ಎಂದು ಮೊದಲು ಯೋಚಿಸಿ. ಕೊಡುವುದಾದರೆ ಐದು ಕಿಲೋ ತಡೆಯುವ, ತಳಕ್ಕೆ ಅಡ್ಡ ಹೊಲಿಗೆ ಇರುವ ಚೀಲ ಕೊಡಿ. ಕಾಯಿ ಒಂದೇ ಹಿಡಿಸುವ ಪುಟಾಣಿ ಚೀಲದಿಂದ ಯಾರಿಗೂ ಉಪಯೋಗವಿಲ್ಲ. ಹೆಸರು, ತಾರೀಕು, ಗಣಪತಿ ಚಿತ್ರ ಅಚ್ಚು ಹಾಕಿಸಬೇಡಿ. ದೇವರ ಚಿತ್ರ ಇರುವ ಚೀಲದಲ್ಲಿ ಮೀನು ತರಲು ಯಾರಿಗೂ ಮನಸ್ಸು ಬರುವುದಿಲ್ಲ.

ಕಾನೂನು ಏನು ಹೇಳುತ್ತೆ? 120 ಮೈಕ್ರಾನ್ ದಪ್ಪ ಇದ್ದರೆ ನಡೆಯುತ್ತಂತಲ್ಲ?

ಅದು ಕೇಂದ್ರದ ನಿಯಮ. ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲದ ಕನಿಷ್ಠ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಸ್ಟ್ರಾ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ.

ಕರ್ನಾಟಕ ಅದಕ್ಕೂ ಮುಂಚೆಯೇ, 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲವನ್ನು ಪೂರ್ತಿ ನಿಷೇಧಿಸಿದೆ. ದಪ್ಪ ಎಷ್ಟೇ ಇರಲಿ. ಫ್ಲೆಕ್ಸ್, ಬ್ಯಾನರ್, ಥರ್ಮಾಕೋಲ್ ತಟ್ಟೆ, ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ ಎಲ್ಲವೂ ಆ ಪಟ್ಟಿಯಲ್ಲಿವೆ. ಹಾಗಿದ್ದೂ ಸಂತೆಯಲ್ಲಿ ಕವರ್ ಸಿಗುತ್ತದಲ್ಲ ಎಂದರೆ, ಸಿಗುತ್ತದೆ. ತಪಾಸಣೆಯ ದಿನ ಸೊಪ್ಪಿನ ಗಾಡಿಯವಳಿಗೆ ದಂಡ ಬೀಳುತ್ತದೆ. ಕವರ್ ತಯಾರಾದ ಶೆಡ್ಡಿನ ಬಾಗಿಲು ತಟ್ಟಿದ್ದು ನಾನಂತೂ ಕಂಡಿಲ್ಲ.

ತೆಳು ಚೀಲದ ಮೇಲೆ ಯಾಕಿಷ್ಟು ಕಣ್ಣು ಎಂದೂ ಕೇಳುತ್ತಾರೆ. ಆರಿಸುವವರ ಲೆಕ್ಕ ಹಾಕಿ. 5 ಗ್ರಾಮಿನ ಕವರಾದರೆ ಒಂದು ಕಿಲೋ ಆಗಲು 200 ಸಲ ಬಗ್ಗಬೇಕು. ಕೊಳಕಾಗಿದ್ದರೆ ಆ ಕಿಲೋಗೂ ಬೆಲೆ ಇಲ್ಲ. ಪೆಟ್ ಬಾಟಲಿ ಬೀದಿಯಲ್ಲಿ ಉಳಿಯುವುದಿಲ್ಲ, ಕವರ್ ಉಳಿಯುತ್ತದೆ. ಕಾರಣ ಇಷ್ಟೇ.

ಹಾಗಾದರೆ ಹಾಲಿನ ಪ್ಯಾಕೆಟ್ಟು?

ಕಾರ್ಖಾನೆಯಲ್ಲೇ ತುಂಬಿ ಸೀಲ್ ಮಾಡಿದ ಪ್ಯಾಕಿಂಗಿಗೆ ರಾಜ್ಯದ ನಿಷೇಧದಿಂದ ವಿನಾಯಿತಿ ಇದೆ. ಹಾಲಿನ ಕವರ್ ಒಳ್ಳೆ ಗುಣಮಟ್ಟದ ಪ್ಲಾಸ್ಟಿಕ್. ತೊಳೆದು ಒಣಗಿಸಿಟ್ಟರೆ ಹಳೇ ಪೇಪರ್ ಅಂಗಡಿಯವರು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆ. ನಮ್ಮಮ್ಮ ಅಡುಗೆಮನೆ ಕಿಟಕಿಯ ಕಂಬಿಗೆ ಅವನ್ನು ಅಂಟಿಸಿ ಒಣಗಿಸುತ್ತಿದ್ದರು. ಒಂದೇ ಒಂದು ಮಾತು: ಮೂಲೆ ಕತ್ತರಿಸುವಾಗ ಆ ಚೂರು ಪೂರ್ತಿ ಬೇರೆಯಾಗದಂತೆ, ನೇತಾಡುವಂತೆ ಬಿಡಿ. ಬೇರೆಯಾದ ಆ ಪುಟ್ಟ ತ್ರಿಕೋನ ಎಲ್ಲಿಗೂ ಸೇರುವುದಿಲ್ಲ. ಸಿಂಕಿನಿಂದ ನೇರ ಚರಂಡಿಗೆ.

'ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್' ಅಂತ ಬರೆದಿರುವ ಹಸಿರು ಕವರ್ ನಂಬಬಹುದಾ?

ಅದರಲ್ಲಿ ಎರಡು ಜಾತಿ. ನಿಜವಾಗಿ ಗೊಬ್ಬರವಾಗುವಂಥದ್ದು ಒಂದು. ಅದರ ಮೇಲೆ ಐಎಸ್ 17088 ಎಂಬ ಮಾನಕದ ಸಂಖ್ಯೆ ಇರಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವೂ ಬೇಕು. ಅದು ಕೂಡ ಕರಗುವುದು ಗೊಬ್ಬರದ ಕಾರ್ಖಾನೆಯ ಶಾಖದಲ್ಲಿ, ಸುಮಾರು 60 ಡಿಗ್ರಿಯಲ್ಲಿ. ನಿಮ್ಮ ತೆಂಗಿನ ಬುಡದಲ್ಲಿ ಹೂತರೆ ಬಹಳ ದಿನ ಹಾಗೇ ಇರುತ್ತದೆ. ಮಾಮೂಲಿ ಪ್ಲಾಸ್ಟಿಕ್ ಜೊತೆ ಸೇರಿದರೆ ಆ ರಾಶಿಯನ್ನೂ ಕೆಡಿಸುತ್ತದೆ.

ಇನ್ನೊಂದು ಜಾತಿ, ಮಾಮೂಲಿ ಪ್ಲಾಸ್ಟಿಕ್ಕಿಗೆ ಏನೋ ಬೆರೆಸಿ ಬೇಗ ಚೂರಾಗುವಂತೆ ಮಾಡಿದ್ದು. ಚೂರಾಗುವುದಕ್ಕೂ ಕರಗುವುದಕ್ಕೂ ವ್ಯತ್ಯಾಸವಿದೆ. ಯುರೋಪಿನವರು ಅದನ್ನು ನಿಷೇಧಿಸಿದ್ದಾರೆ. ನಮ್ಮಲ್ಲಿ ಹಸಿರು ಎಲೆಯ ಚಿತ್ರ ಅಚ್ಚು ಹಾಕಿ ಮಾರುತ್ತಾರೆ.

ಬ್ಯಾಗಿಗೆ ಬೇರೆ ದುಡ್ಡು ಕೇಳುವುದು ಅನ್ಯಾಯ ಅಲ್ವಾ?

ಮೊದಲೇ ತಿಳಿಸದೆ, ಬಿಲ್ ಮಾಡುವಾಗ ಸುಮ್ನೆ ಸೇರಿಸಿದರೆ ಅನ್ಯಾಯವೇ. ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ಹಾಗೇ ಹೇಳಿದೆ. ಅಂಗಡಿಯ ಹೆಸರು ದೊಡ್ಡದಾಗಿ ಅಚ್ಚಾಗಿರುವ ಚೀಲಕ್ಕೆ ನಾವೇ ಹನ್ನೆರಡು ರೂಪಾಯಿ ಕೊಟ್ಟು, ಅವರ ಜಾಹೀರಾತನ್ನು ಊರೆಲ್ಲ ಹೊತ್ತು ತಿರುಗಬೇಕೆಂದರೆ ಸಿಟ್ಟು ಬರುವುದು ಸಹಜ.

ಆದರೂ ದುಡ್ಡು ಕೇಳುವುದರಿಂದ ಕೆಲಸ ಆಗುತ್ತದೆ. ಐರ್ಲೆಂಡ್ 2002ರ ಮಾರ್ಚಿನಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿತು. ತಲಾ ವರ್ಷಕ್ಕೆ 328 ಇದ್ದ ಚೀಲದ ಬಳಕೆ 21ಕ್ಕೆ ಇಳಿಯಿತು. ಬಡತನದಿಂದಲ್ಲ. ಕೌಂಟರಿನಲ್ಲಿ 'ಚೀಲ ಬೇಕಾ?' ಎಂಬ ಪ್ರಶ್ನೆ ಬಂದಾಗ ಅರೆಕ್ಷಣ ಯೋಚಿಸುವಂತಾಯಿತು, ಅಷ್ಟೆ. ನಮ್ಮಲ್ಲಿ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಒಂದು ಪೆನ್ನು ಕೊಂಡರೂ ಕವರಿನಲ್ಲಿ ಹಾಕಿಯೇ ಕೊಡುತ್ತಾರೆ.

ಪ್ಲಾಸ್ಟಿಕ್ ವೈರಿನ ಬುಟ್ಟಿ, ಪ್ಲಾಸ್ಟಿಕ್ ಅಲ್ವಾ?

ಪ್ಲಾಸ್ಟಿಕ್ಕೇ. ನಮ್ಮಮ್ಮ ಮದುವೆಯಾದ ಹೊಸದರಲ್ಲಿ ಹೆಣೆದ ಕೆಂಪು ಬಿಳಿ ಬಣ್ಣದ ವೈರ್ ಬುಟ್ಟಿ ಇನ್ನೂ ಇದೆ. ಹಿಡಿಯನ್ನು ಎರಡು ಸಲ ಹೊಸದಾಗಿ ಸುತ್ತಿದ್ದಾರೆ. ಸೊಪ್ಪಿನ ನೀರು ತಳದಿಂದ ಸೋರಿಹೋಗುತ್ತದೆ, ಟೊಮೆಟೊ ಜಜ್ಜುವುದಿಲ್ಲ, ಕೆಳಗಿಟ್ಟರೆ ನಿಲ್ಲುತ್ತದೆ. ವಾರಕ್ಕೆ ಎರಡು ಸಲ ಮಾರುಕಟ್ಟೆಗೆ ಹೋಗಿದ್ದರೂ ನಾಲ್ಕು ಸಾವಿರ ದಾಟಿರಬೇಕು. ಡೆನ್ಮಾರ್ಕಿನವರಿಗೆ ತೋರಿಸಬೇಕಿತ್ತು.

ತಮಿಳುನಾಡಿನಲ್ಲಿ 2021ರ ಡಿಸೆಂಬರಿನಲ್ಲಿ ಸರ್ಕಾರವೇ ಹಳದಿ ಬಟ್ಟೆ ಚೀಲವನ್ನು ಮತ್ತೆ ಬಳಕೆಗೆ ತರಲು ಹೊರಟಿತು. ಹಳ್ಳಿಯವರ ಚೀಲ ಎಂದು ಒಂದು ಕಾಲದಲ್ಲಿ ನಗುತ್ತಿದ್ದ ಚೀಲ ಅದು. ನಮ್ಮಲ್ಲೂ ಹಾಗೆಯೇ. ಕೈಚೀಲ ಹಿಡಿದು ಹೋಗುವುದು ಮೇಷ್ಟ್ರುಗಳ ಲಕ್ಷಣ, ಕವರ್ ನೇತಾಡಿಸಿಕೊಂಡು ಬರುವುದು ಸ್ಟೈಲು ಎಂಬ ಕಾಲವೊಂದಿತ್ತು.

ಮೀನು, ಮಾಂಸ ಹೇಗೆ ತರುವುದು?

ಸ್ಟೀಲ್ ಡಬ್ಬ ಕೊಡಿ. ಒಂದೆರಡು ಸಲ ವಿಚಿತ್ರವಾಗಿ ನೋಡುತ್ತಾರೆ, ಮೂರನೇ ಸಲ ಅವರೇ ಡಬ್ಬ ಕೇಳುತ್ತಾರೆ. ಉಡುಪಿಯ ಮಲ್ಲಿಗೆ ಈಗಲೂ ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿಯೇ ಬರುತ್ತದೆ. ಹೂವಿನ ತಾಜಾತನಕ್ಕೆ ಅದಕ್ಕಿಂತ ಒಳ್ಳೆ ಪ್ಯಾಕಿಂಗ್ ಯಾರೂ ಕಂಡುಹಿಡಿದಿಲ್ಲ. ಬಟ್ಟೆ ಚೀಲವನ್ನು ಆಗಾಗ ಒಗೆಯಿರಿ. ಮೀನಿಗೊಂದು, ತರಕಾರಿಗೊಂದು ಬೇರೆ ಇರಲಿ.

ಇರುವ ಕವರನ್ನೆಲ್ಲ ಸುಟ್ಟುಬಿಟ್ಟರೆ?

ಬೇಡ. ಬಚ್ಚಲ ಒಲೆಗೆ ಬೆಂಕಿ ಹತ್ತಿಸಲು ಕವರ್ ತುರುಕುವ ಅಭ್ಯಾಸ ಹಳ್ಳಿಮನೆಗಳಲ್ಲಿ ಇನ್ನೂ ಇದೆ. ಆ ಕಪ್ಪು ಹೊಗೆ ಮೊದಲು ಹೋಗುವುದು ಒಲೆ ಊದುವವರ ಎದೆಗೆ. ಜೊತೆಗೆ ಪಿವಿಸಿ ಚೂರೊಂದು ಸೇರಿದ್ದರೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಚೊಕ್ಕಟ ಮಾಡಿ, ಒಣಗಿಸಿ, ಒಣ ಕಸದ ಜೊತೆ ಕೊಡಿ.

ಎಲ್ಲ ಸರಿ, ಚೀಲ ತೆಗೆದುಕೊಂಡು ಹೋಗುವುದೇ ಮರೆತುಹೋಗುತ್ತೆ!

ನನಗೂ. ಸ್ಕೂಟರ್ ಸೀಟಿನ ಕೆಳಗೆ ಒಂದು, ಆಫೀಸ್ ಬ್ಯಾಗಿನಲ್ಲಿ ಮಡಚಿದ್ದು ಒಂದು, ಚಪ್ಪಲಿ ಗೂಡಿನ ಪಕ್ಕದ ಮೊಳೆಗೆ ಒಂದು ಇಟ್ಟಿದ್ದೇನೆ. ಸಾಮಾನು ಖಾಲಿ ಮಾಡಿದ ತಕ್ಷಣ ಚೀಲವನ್ನು ಮತ್ತೆ ಅಲ್ಲೇ ಇಡುವುದು ಕಷ್ಟದ ಕೆಲಸ. ಮರೆತ ದಿನ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆ ಕೇಳಿ ತಂದಿದ್ದೇನೆ. ಸೆರಗಿನಲ್ಲಿ ಕರಿಬೇವು ಕಟ್ಟಿಕೊಂಡು ಬಂದಿದ್ದೂ ಇದೆ.

ನಮ್ಮ ಬೀದಿ ತುದಿಯ ತರಕಾರಿ ಗಾಡಿಯವರ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆವು. ಗಾಡಿಯ ಕಂಬಕ್ಕೆ ಒಂದು ಕೊಕ್ಕೆ. ಮನೆಯಲ್ಲಿ ಹೆಚ್ಚಾದ ಚೀಲ ಅಲ್ಲಿ ತೂಗು ಹಾಕುವುದು, ಮರೆತು ಬಂದವರು ತೆಗೆದುಕೊಂಡು ಹೋಗುವುದು, ಮುಂದಿನ ಸಲ ವಾಪಸ್ ತರುವುದು. ಮೊದಲ ವಾರ ನಾನು ಹಾಕಿದ ಹನ್ನೆರಡು ಚೀಲದಲ್ಲಿ ವಾಪಸ್ ಬಂದಿದ್ದು ಮೂರು. ಈಗ ಯಾವುದು ಯಾರದ್ದು ಎಂಬ ಲೆಕ್ಕವೇ ತಪ್ಪಿದೆ. ಮೊನ್ನೆ ಆ ಕೊಕ್ಕೆಯಲ್ಲಿದ್ದ ಒಂದು ಚೀಲದ ಮೇಲೆ 2009ರ ಯಾರದೋ ಮದುವೆಯ ತಾರೀಕು ಇತ್ತು. ಹೆಸರುಗಳು ಒಗೆದು ಒಗೆದು ಅಳಿಸಿಹೋಗಿದ್ದವು.